ಹಲಸಿನ ಹಣ್ಣಾದ ಸ್ಕೈವಾಕ್

ಭಾಜಿ ಗಲ್ಲಿಯಲ್ಲಿ ಕೊತ್ತಂಬರಿ ಕಟ್ಟಿನ ಚೌಕಾಸಿ ಶುರುವಾಗುವ ಮೊದಲೇ ಎದ್ದು ಮಸಿ ಅರೆಯಲು ಕೂರುವುದು ನನ್ನ ಹಳೇ ಚಟ. ಮುಂಬಯಿಯ ಗ್ರಾಂಟ್ ರೋಡಿನ ಚಾಳಿನ ಕೋಣೆಯಲ್ಲಿ ಮೇಜಿಗೆ ಜಾಗವೆಲ್ಲಿ? ನೆಲಕ್ಕೆ ಚಾಪೆ, ಚಾಪೆಯ ಮೇಲೆ ಕಲ್ಲು, ಕಲ್ಲಿನ ಗುಳಿಯಲ್ಲಿ ನಾಲ್ಕು ಹನಿ ನೀರು. ಜಪಾನಿನ ಮಸಿಕಡ್ಡಿಯೆಂದರೆ ಹೊಗೆಯ ಕರಿ, ಅದಕ್ಕೆ ಪ್ರಾಣಿಯ ಚರ್ಮದಿಂದ ಕಾಯಿಸಿದ ಅಂಟು. ಅಜ್ಜಿ ಹರಳೆಣ್ಣೆ ದೀಪಕ್ಕೆ ತಟ್ಟೆ ಕವುಚಿ ತೆಗೆಯುತ್ತಿದ್ದ ಕಾಡಿಗೆಯ ದೂರದ ನೆಂಟ.

ಮಳೆಗಾಲದಲ್ಲಿ ಮಾತ್ರ ಚಟ ಕೈಕೊಡುತ್ತದೆ. ಕಾಗದ ಮೊದಲೇ ತೇವ ಕುಡಿದು ಕೂತಿರುತ್ತದೆ. ಕುಂಚ ತಾಗಿದ್ದೇ ತಡ, ಮಸಿ ನಾಲ್ಕೂ ಕಡೆ ಹರಿಯುತ್ತದೆ. ಕಳೆದ ವಾರ ನಾನಾ ಚೌಕದ ಸ್ಕೈವಾಕ್ ಬರೆಯಹೋದೆ, ಹಲಸಿನ ಹಣ್ಣಾಯಿತು. ಮುದುರಿ ಎಸೆಯುವಷ್ಟರಲ್ಲಿ ಸೆಶ್ಶು ನೆನಪಾದ.

ಸೆಶ್ಶು ತೊಯೊ 1420ರಲ್ಲಿ ಹುಟ್ಟಿದ ಜಪಾನಿನ ಝೆನ್ ಸನ್ಯಾಸಿ, ಚಿತ್ರಕಾರ. ಕ್ಯೋಟೋದ ಶೊಕೊಕುಜಿ ಮಠದಲ್ಲಿ ಬೆಳೆದು, 1467ರಲ್ಲಿ ಹಡಗು ಹತ್ತಿ ಮಿಂಗರ ಚೀನಾಕ್ಕೆ ಹೋಗಿ, ಎರಡು ವರ್ಷ ಸುತ್ತಿ ಬಂದ. 1495ರಲ್ಲಿ, ಜಪಾನೀ ಲೆಕ್ಕದಲ್ಲಿ ಎಪ್ಪತ್ತಾರರ ಮುದುಕ, ಊರಿಗೆ ಹೊರಟ ಶಿಷ್ಯನಿಗೆ ಒಂದು ಚಿತ್ರ ಬರೆದುಕೊಟ್ಟ. 'ಹಬೊಕು' ಎನ್ನುತ್ತಾರೆ, ಒಡೆದ ಮಸಿ. ಚಿತ್ರದ ಮೇಲೆ ತಾನೇ ಬರೆದ ಮಾತಿನಲ್ಲಿ, ಚೀನಾ ಸುತ್ತಿ ಬಂದ ಮೇಲೆಯೇ ತನ್ನೂರಿನ ಗುರುಗಳಾದ ಜೊಸೆತ್ಸು, ಶೂಬುನ್ ಅವರ ದೊಡ್ಡತನ ತಿಳಿಯಿತು ಎಂಬರ್ಥ ಬರುತ್ತದೆ. ಮುಂಬಯಿಗೆ ಬಂದ ಮೇಲೆಯೇ ಯಕ್ಷಗಾನದ ಹುಚ್ಚು ಹತ್ತಿಸಿಕೊಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಿತ್ರದಲ್ಲಿ ಮೊದಲು ಕಾಣುವುದು ಬರೀ ಕಲೆ. ಕೆಳಗೆ ಕಣ್ಣಿಟ್ಟರೆ ಮೂರು ನಾಲ್ಕು ಗಟ್ಟಿ ಗೆರೆ: ಒಂದು ಸೂರು, ಹೆಂಡದಂಗಡಿಯ ಬಾವುಟದ ಕೋಲು, ನೀರಲ್ಲಿ ಇಬ್ಬರಿರುವ ದೋಣಿ. ಆ ಕೋಲಿನ ಮೇಲೆ ಬೆರಳು ಮುಚ್ಚಿ ನೋಡಿ, ಬೆಟ್ಟ ಮತ್ತೆ ಚೆಲ್ಲಿದ ಮಸಿಯಾಗುತ್ತದೆ. ಇಡೀ ಬೆಟ್ಟವನ್ನು ಹೊತ್ತಿರುವುದು ಆ ಕಡ್ಡಿ.

ಯಾಮಾಗುಚಿಯ ಜೋಎಯಿಜಿ ದೇವಾಲಯದ ತೋಟ ಸೆಶ್ಶುವೇ ರೂಪಿಸಿದ್ದು ಎಂಬ ಪ್ರತೀತಿಯಿದೆ. ಫೋಟೋದಲ್ಲಷ್ಟೇ ಕಂಡಿದ್ದೇನೆ: ಹುಲ್ಲಿನ ನಡುವೆ ತಲೆ ಚಪ್ಪಟೆಯಾದ, ಅಂಚು ಚೂಪಾದ ಕಲ್ಲುಗಳು. ನೋಡಿದಾಗಲೆಲ್ಲ ಅವನ ಕುಂಚದ ಕೊಡಲಿಯೇಟಿನಂಥ ಗೆರೆಯೇ ಕಾಣುತ್ತದೆ.

ನಮ್ಮವರಲ್ಲಿ ಗೆರೆಯನ್ನು ಇಷ್ಟು ನಂಬಿದವರೆಂದರೆ ಚಿತ್ರಕಾರ ಕೆ.ಕೆ. ಹೆಬ್ಬಾರ್. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಲಯ ಕೈಗೆ ಹತ್ತಲೆಂದು ಕಥಕ್ ಕಲಿತವರು. 1964ರಲ್ಲಿ ಬಂದ ರೇಖಾಚಿತ್ರಗಳ ಪುಸ್ತಕಕ್ಕೆ ಅವರಿಟ್ಟ ಹೆಸರು 'ದಿ ಸಿಂಗಿಂಗ್ ಲೈನ್'. ಅವರ ಗೆರೆ ಕುಣಿಯುವವಳ ಹೆಗಲಿನಿಂದ ಸೊಂಟಕ್ಕೆ, ಸೊಂಟದಿಂದ ಗೆಜ್ಜೆಗೆ ಉಸಿರು ಬಿಡದೆ ಇಳಿಯುತ್ತದೆ. ಸೆಶ್ಶುವಿನದು ಹಾಗಲ್ಲ; ಕಡಿಯುತ್ತದೆ, ನಿಲ್ಲುತ್ತದೆ. ಹೆಬ್ಬಾರರ ಗೆರೆಗೆ ನಾನು ಮನಸೋತವನೇ. ಆದರೆ ಜುಲೈ ತಿಂಗಳ ಒದ್ದೆ ಕಾಗದದೆದುರು ಕೂತವನಿಗೆ ನೆರವಿಗೆ ಬರುವವನು ಸೆಶ್ಶು.

ಹಲಸಿನ ಹಣ್ಣನ್ನು ಎಸೆಯಲಿಲ್ಲ. ಒಣಗಿದ ಮೇಲೆ ಅದರ ಬುಡಕ್ಕೆ ಗಟ್ಟಿ ಮಸಿಯಲ್ಲಿ ಒಂದು ಕೊಡೆ ಬರೆದೆ, ಕೆಳಗೆ ಎರಡು ಕಾಲು. ಹಾಲು ಕೊಡಲು ಬಂದ ಹುಡುಗ ಬಾಗಿಲಲ್ಲೇ ನಿಂತು ನೋಡಿದ. "ನಾನಾ ಚೌಕ್?" ಎಂದ.