ಆಹೆನ್‌ನ ಬೋಳು ಗೋಡೆ

ಯುರೋಪಿನ ಆಧುನಿಕ ವಾಸ್ತುಶಿಲ್ಪ ಯಂತ್ರಯುಗದ ಕೂಸು, ಧರ್ಮಕ್ಕೆ ಬೆನ್ನು ತಿರುಗಿಸಿಯೇ ಅದು ಹುಟ್ಟಿತು ಎಂಬ ಕಥೆ ಇನ್ನೂ ಚಲಾವಣೆಯಲ್ಲಿದೆ. ಚರ್ಚುಗಳ ಮಾತು ಬಂದಾಗ ಲೆ ಕಾರ್ಬುಸಿಯೇ 1955ರಲ್ಲಿ ಮುಗಿಸಿದ ರಾನ್‌ಶಾಂಪ್ ಪ್ರಾರ್ಥನಾಮಂದಿರವನ್ನು ಕೊಂಡಾಡಿ ಚರಿತ್ರೆಕಾರರು ಮುಂದೆ ಹೋಗುತ್ತಾರೆ. ಅದಕ್ಕೂ 25 ವರ್ಷ ಮೊದಲು, 1930ರಲ್ಲಿ, ಜರ್ಮನಿಯ ಆಹೆನ್‌ನಲ್ಲಿ ರುಡಾಲ್ಫ್ ಶ್ವಾರ್ಟ್ಸ್ ಕಟ್ಟಿದ ಫ್ರೋನ್‌ಲೈಶ್ನಾಮ್ ಚರ್ಚು ರಾನ್‌ಶಾಂಪ್‌ಗಿಂತ ದೊಡ್ಡ ಕೃತಿ. ಆ ಮಾತನ್ನು ಹಿಂಜರಿಯದೆ ಹೇಳುತ್ತೇನೆ.

ಕಟ್ಟಡ ಎತ್ತರದ ಬಿಳಿಯ ಆಯ, ಅಷ್ಟೆ. ಒಂದೇ ಪಕ್ಕಕ್ಕೆ ತಗ್ಗಾದ ಪಡಸಾಲೆ. ಚೌಕ ಕಿಟಕಿಗಳು ಮಾಡಿನ ಸಮೀಪ. ನೆಲ ಕಪ್ಪು, ಬಲಿಪೀಠವೂ ಕಪ್ಪು ಕಲ್ಲಿನದು. ಅದರ ಹಿಂದಿನ ಗೋಡೆಯಲ್ಲಿ ಮಾತ್ರ ಕಿಟಕಿಯಿಲ್ಲ, ಚಿತ್ರವಿಲ್ಲ, ಬರೀ ಬಿಳಿ. ಶತಮಾನಗಳ ಕಾಲ ಸಂತರ ಚಿತ್ರ, ಚಿನ್ನದ ಕೆತ್ತನೆ ತುಂಬಿಕೊಂಡಿದ್ದ ಜಾಗ ಅದು. ಇದನ್ನು ಕಾರ್ಖಾನೆ ಎಂದು ಹಳಿದವರೂ ಇದ್ದಾರೆ, ಮಿತವ್ಯಯದ ಶೈಲಿ ಎಂದು ಮೆಚ್ಚಿದವರೂ ಇದ್ದಾರೆ. ಇಬ್ಬರೂ ಗೋಡೆಯನ್ನು ಮಾತ್ರ ನೋಡಿದರು, ಅದರ ಮುಂದೆ ನಡೆಯುವ ಬಲಿಪೂಜೆಯನ್ನಲ್ಲ. ಪೂಜೆಯೆಂದರೆ ನೆರೆದವರೆಲ್ಲರ ಕ್ರಿಯೆ ಎಂದು ಕ್ಯಾಥೊಲಿಕ್ ಚಿಂತಕ ರೊಮಾನೊ ಗ್ವಾರ್ದಿನಿ 1918ರಿಂದಲೇ ಬರೆಯುತ್ತಿದ್ದರು. ಅವರೊಡನೆ ಶ್ವಾರ್ಟ್ಸ್ ರೋಥೆನ್‌ಫೆಲ್ಸ್ ಕೋಟೆಯ ಸಭಾಂಗಣವನ್ನು ಬರಿದು ಮಾಡಿ, ಕಪ್ಪು ಪೀಠಗಳನ್ನು ಬೇಕಾದಂತೆ ಸರಿಸಿ ಜನರನ್ನು ಕೂರಿಸಿದ್ದರು. ಗೋಡೆ ಬೋಳಾದದ್ದು ಆ ಪ್ರಯೋಗದಿಂದ. ಕಣ್ಣಿಗೆ ಬೇರೆ ಆಸರೆ ಇಲ್ಲದಾಗ ರೊಟ್ಟಿ ಎತ್ತುವ ಕೈ ಕಾಣುತ್ತದೆ, ಪಕ್ಕದವರ ಉಸಿರು ಕೇಳುತ್ತದೆ. ರಾನ್‌ಶಾಂಪ್‌ನಲ್ಲಿ ಒಬ್ಬ ಮಹಾಕಲಾವಿದನ ಕೈಚಳಕಕ್ಕೆ ಬೆರಗಾಗುತ್ತೇವೆ. ಅಲ್ಲಿ ಭಕ್ತನೂ ಪ್ರೇಕ್ಷಕನೇ.

ಶ್ವಾರ್ಟ್ಸ್ ಮರೆಗೆ ಸರಿಯಲು 1953ರ ಜಗಳವೂ ಕಾರಣ. ಬೌಹೌಸ್ ವಿನ್ಯಾಸ ಶಾಲೆ ಮತ್ತು ಅದರ ಸ್ಥಾಪಕ ಗ್ರೋಪಿಯಸ್ ಮೇಲೆ ಅವರು ಕಟುವಾಗಿ ಬರೆದರು. ನಾಟ್ಸಿಗಳ ಒತ್ತಡಕ್ಕೆ 1933ರಲ್ಲಿ ಮುಚ್ಚಿಹೋದ ಶಾಲೆಯ ಬಗ್ಗೆ ಆ ಧಾಟಿ ಸಲ್ಲದು, ಅದು ನಿಜವಾಗಿ ಅನ್ಯಾಯ. ಆದರೆ ಆ ಒಂದು ಲೇಖನವನ್ನು ಹಿಡಿದು ಅವರನ್ನು ಹಿಂದಕ್ಕೆ ನೋಡುವ ಕ್ಯಾಥೊಲಿಕ್ ಎಂದು ಬದಿಗೆ ತಳ್ಳಿದ್ದು ಇನ್ನೂ ದೊಡ್ಡ ಅನ್ಯಾಯ. ಬೌಹೌಸ್‌ನ ಪರ ವಹಿಸುವವರು ಅದರ 1919ರ ಪ್ರಣಾಳಿಕೆಯ ಮುಖಪುಟ ತೆರೆದು ನೋಡಲಿ. ಕಲಾವಿದ ಫೈನಿಂಗರ್ ಅಲ್ಲಿ ಕೊರೆದದ್ದು ಯಂತ್ರವನ್ನಲ್ಲ, ನಕ್ಷತ್ರ ಹೊತ್ತ ಕೆಥೆಡ್ರಲನ್ನು. ಧರ್ಮದ ಹಂಬಲ ಎರಡೂ ಪಾಳಯಗಳಲ್ಲಿತ್ತು. ಅದನ್ನು ಪೂಜೆಯ ವಿಧಿಗೆ ಒಗ್ಗಿಸಿ ಕಟ್ಟಿ ತೋರಿಸಿದವರು ಶ್ವಾರ್ಟ್ಸ್.

ಇದನ್ನು ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅರಿತಿದ್ದರು. ಆಹೆನ್‌ನ ಕಲ್ಲುಕುಟಿಗನ ಮಗನಾದ ಅವರು, ಚರ್ಚು ಕಟ್ಟುವುದರ ಬಗ್ಗೆ ಶ್ವಾರ್ಟ್ಸ್ ಬರೆದ 1938ರ ಪುಸ್ತಕ 1958ರಲ್ಲಿ ಇಂಗ್ಲಿಷಿಗೆ ಬಂದಾಗ ಮುನ್ನುಡಿ ಬರೆದರು. ಮೀಸ್ ಕಟ್ಟಡಗಳ ಖಾಲಿ ಜಾಗವನ್ನು ಉಕ್ಕು, ಗಾಜಿನ ಲೆಕ್ಕದಲ್ಲೇ ವಿವರಿಸಿ ಮುಗಿಸುವವರು ಆ ಮುನ್ನುಡಿ ಯಾಕೆ ಬಂತೆಂದು ಮೊದಲು ಉತ್ತರಿಸಲಿ.