ಅಂಗೈಯ ಯಂತ್ರವೂ ಘಟ್ಟದ ದಾರಿಯೂ

‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಎಂಬ ವೈದ್ಯಪತ್ರಿಕೆಯಲ್ಲಿ 2019ರಲ್ಲಿ ಪ್ರಕಟವಾದ ‘ಕ್ರೇಡಲ್-3’ ಪರೀಕ್ಷೆಯ ವರದಿಯು ಕನ್ನಡ ವಾಚಕರ ಗಮನಕ್ಕೆ ಅರ್ಹವಾದುದು. ಆಫ್ರಿಕಾ, ಹೈಟಿ, ಭಾರತಗಳ ಹತ್ತು ಸ್ಥಳಗಳಲ್ಲಿ ನಡೆದ ಈ ಪರೀಕ್ಷೆಗೆ ಬೆಳಗಾವಿ ಜಿಲ್ಲೆಯ ಗೋಕಾಕವೂ ಸೇರಿದ್ದಿತು. ವೈದ್ಯರು ದೂರವಿರುವೆಡೆಯಲ್ಲಿ ಅಂಗೈಯಲ್ಲಿ ಹಿಡಿವ ಯಂತ್ರವು ರೋಗಿಯ ನಾಡಿಯನ್ನೂ ರಕ್ತದೊತ್ತಡವನ್ನೂ ತಾನಾಗಿಯೇ ಅಳೆದು ಹೇಳಿದರೆ ಪ್ರಾಣಗಳು ಉಳಿಯುವುವೇ ಎಂಬುದೇ ಅದರ ಪ್ರಶ್ನೆ.

ನಾಡೀಪರೀಕ್ಷೆಯು ಈ ದೇಶಕ್ಕೆ ಹೊಸತಲ್ಲ. ಶಾರ್ಙ್ಗಧರಸಂಹಿತೆಯಲ್ಲಿಯೇ ಅದರ ನಿರೂಪಣೆಯುಂಟು. ಆದರೆ ಅಲ್ಲಿ ಅರ್ಥ ಹೇಳುವುದು ಪಳಗಿದ ಬೆರಳು; ಇಲ್ಲಿ ಅರ್ಥವೂ ಯಂತ್ರದೊಳಗೇ ಅಡಕವಾಗಿದೆ. ನಾಡಿಯ ಸಂಖ್ಯೆಯನ್ನು ಮೇಲಿನ ಒತ್ತಡದಿಂದ ಭಾಗಿಸಿದರೆ ದೊರೆಯುವ ಅಂಕವು 0.9ನ್ನು ಮುಟ್ಟಿದರೆ ಹಳದಿ ದೀಪ, 1.7ನ್ನು ಮುಟ್ಟಿದರೆ ಕೆಂಪು ದೀಪ. ಒತ್ತಡವು 140/90ಕ್ಕೆ ಏರಿದರೂ ಹಳದಿ, 160/110ಕ್ಕೆ ಏರಿದರೆ ಕೆಂಪು. ರಕ್ತಸ್ರಾವದಲ್ಲಿ ತರುಣಿಯ ದೇಹವು ಬಹುಕಾಲ ಒತ್ತಡವನ್ನು ಕಾಯ್ದುಕೊಳ್ಳುವುದರಿಂದ ಒತ್ತಡವೊಂದನ್ನೇ ನೋಡಿದವರು ಮೋಸಹೋಗುವರು. ನಾಡಿ 110, ಒತ್ತಡ 100 ಇದ್ದ ಬಾಣಂತಿಯಲ್ಲಿ ಈ ಅಂಕವು 1.1 ಆಗಿ, ಯಂತ್ರವು ಕೂಡಲೇ ಎಚ್ಚರಿಸುವುದು. ಓದುಬರಹ ಹೆಚ್ಚು ತಿಳಿಯದವರಿಗೂ ದೀಪದ ಬಣ್ಣ ತಿಳಿಯುವುದು. ದೂರವಾಣಿಗೆ ವಿದ್ಯುತ್ತು ತುಂಬುವ ಸಾಧನವೇ ಇದಕ್ಕೂ ಸಾಕು. ಇವು ಯಂತ್ರದ ನಿಜವಾದ ಗುಣಗಳು.

ಫಲವೇನಾಯಿತು? 2016ರ ಏಪ್ರಿಲಿನಿಂದ 2017ರ ನವೆಂಬರಿನವರೆಗಿನ 5,36,223 ಹೆರಿಗೆಗಳಲ್ಲಿ ತಾಯಿಯ ಮರಣ, ಎಕ್ಲಾಂಪ್ಸಿಯ ಎಂಬ ಸೆಳವು, ತುರ್ತಾಗಿ ಗರ್ಭಕೋಶ ತೆಗೆಯುವಿಕೆ, ಇವು ಮೂರೂ ಕೂಡಿ ಹತ್ತು ಸಾವಿರಕ್ಕೆ 79.4 ಇದ್ದುದು 72.8ಕ್ಕೆ ಇಳಿದುವು. ಆದರೆ ಊರೂರಿನ ಮತ್ತು ಕಾಲಕಾಲದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತಂದಾಗ ಯಂತ್ರದಿಂದ ಹಿತವೋ ಅಹಿತವೋ ನಿರ್ಣಯಿಸಲಾಗದೆಂದು ಕರ್ತೃಗಳೇ ಒಪ್ಪಿದ್ದಾರೆ. ಈ ಪ್ರಾಮಾಣಿಕತೆಯು ಶ್ಲಾಘ್ಯವಾದುದು. ಇಳಿದ ಅಂಕಿಯನ್ನಷ್ಟೇ ಎತ್ತಿಹಿಡಿದು ಯಂತ್ರವನ್ನು ಹೊಗಳುವವರು ವರದಿಯ ಅರ್ಧವನ್ನು ಮಾತ್ರ ಓದಿದವರು.

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ‘ಕ್ಲಿಪ್’ ಪರೀಕ್ಷೆಯ ಸಾಕ್ಷ್ಯವೂ ಇದಕ್ಕೆ ಹೊಂದುವುದು. ಅಲ್ಲಿ ಆಶಾ ಕಾರ್ಯಕರ್ತೆಯರೂ ದಾದಿಯರೂ ಬಸುರಿಯರ ಮನೆಗೆ ಹೋಗಿ, ಒತ್ತಡವನ್ನಳೆದು, ಕೈಯಲ್ಲಿನ ಯಂತ್ರದ ಸೂಚನೆಯಂತೆ ನಡೆದರು. ಪಾಕಿಸ್ತಾನ, ಮೊಜಾಂಬಿಕ್‌ಗಳ ಫಲಗಳೊಡನೆ 2020ರಲ್ಲಿ ಪ್ರಕಟವಾದ ಒಟ್ಟು ನಿರ್ಣಯದಲ್ಲಿ ಸಾವುನೋವು ಕಡಮೆಯಾಗಲಿಲ್ಲ. ಎಂಟು ಬಾರಿಗೆ ಕಡಮೆಯಿಲ್ಲದಂತೆ ಭೇಟಿ ಪಡೆದ ಬಸುರಿಯರಲ್ಲಿ ಮಾತ್ರ ಕೇಡು ಕಡಮೆಯಿದ್ದಿತು. ಯಂತ್ರಕ್ಕಿಂತ ಬಾಗಿಲಿಗೆ ಮರಳಿ ಮರಳಿ ಬರುವ ಕಾಲು ಮುಖ್ಯವೆಂದು ಇದರಿಂದ ಊಹಿಸಬಹುದು.

ಇನ್ನು ಭಟ್ಕಳ, ಹೊನ್ನಾವರ, ಕುಮಟೆಗಳ ಮಾತು. ಹಿಂದೆ ಘಟ್ಟ, ಮುಂದೆ ಕಡಲು, ನಡುವೆ ಶರಾವತಿ, ಅಘನಾಶಿನಿಗಳು. ಗೇರುಸೊಪ್ಪೆಯ ಮೇಲಣ ಕಾಡುಮನೆಯಲ್ಲಿ ಕೆಂಪು ದೀಪ ಹೊತ್ತಿದರೆ ಮುಂದೇನು? ದೀಪವು ಮೆಗ್ನೀಸಿಯಮ್ ಸಲ್ಫೇಟನ್ನು ಕೊಡದು, ರಕ್ತವನ್ನು ತಾರದು, ಹೊಳೆಯನ್ನು ದಾಟಿಸದು. ಕಠಿನವಾದ ರೋಗಕ್ಕೆ ಇಲ್ಲಿಯ ಜನರು ಮಣಿಪಾಲ, ಮಂಗಳೂರುಗಳ ದಾರಿ ಹಿಡಿಯುವುದು ರೂಢಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ಉಡುಪಿಯ ಕಡೆಗೆ ರೋಗಿಯನ್ನೊಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರಿನ ಬಳಿಯ ಶಿರೂರಿನ ಸುಂಕದ ಕಟ್ಟೆಗೆ ಬಡಿದು ನಾಲ್ವರು ಮಡಿದರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಜನರ ಕೂಗು ಆಗ ಮತ್ತೆ ಬಲವಾಯಿತು. 2024ರ ಜುಲೈಯಲ್ಲಿ ಬಡಗಣ ಶಿರೂರಿನಲ್ಲಿ, ಅಂಕೋಲೆಯ ಸಮೀಪ, ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ತೆಂಕಣ ಬಾಗಿಲೂ ಬಡಗಣ ಬಾಗಿಲೂ ಹೀಗಿರುವ ಸೀಮೆಯಲ್ಲಿ ಕುತ್ತನ್ನು ಬೇಗ ಅರಿತುದರಿಂದ ದೊರೆತ ಗಳಿಗೆಗಳು ದಾರಿಯಲ್ಲೇ ಕಳೆದುಹೋಗುವುವು.

ಯಂತ್ರದ ಮಾತನ್ನು ಪ್ರಶ್ನಿಸದೆ ನಂಬುವುದೂ ಸಲ್ಲದು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನಳೆವ ಸಾಧನವು ಕಪ್ಪು ಮೈಬಣ್ಣದ ರೋಗಿಗಳಲ್ಲಿ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಮರೆಮಾಚಿತೆಂದು ಅಮೆರಿಕದ ವೈದ್ಯರು 2020ರಲ್ಲಿ ತೋರಿಸಿದರು. ಅನ್ಯದೇಶದಲ್ಲಿ ತೂಗಿದ ತಕ್ಕಡಿಯನ್ನು ಇಲ್ಲಿಯ ಮೈಗಳ ಮೇಲೆ ಮತ್ತೊಮ್ಮೆ ತೂಗಿ ನೋಡತಕ್ಕದ್ದು.

ಇಷ್ಟರಿಂದ ಯಂತ್ರವು ತ್ಯಾಜ್ಯವೆಂದಾಗದು. ಅಳೆಯದೆ ಬಿಡುವುದಕ್ಕಿಂತ ಅಳೆಯುವುದು ಎಂದಿಗೂ ಲೇಸು. ಆದರೆ ಕರಾವಳಿಯಲ್ಲಿ ಇಂಥ ಪರೀಕ್ಷೆ ನಡೆಯುವುದಾದರೆ ಎಷ್ಟು ಮಂದಿಯ ನಾಡಿ ಅಳೆಯಲಾಯಿತೆಂಬುದು ಮುಖ್ಯ ಲೆಕ್ಕವಾಗಬಾರದು. ಕೆಂಪು ದೀಪ ಹೊತ್ತಿದ ಗಳಿಗೆಯಿಂದ ಚಿಕಿತ್ಸೆ ದೊರೆತ ಗಳಿಗೆಯವರೆಗೆ ಕಳೆದ ಕಾಲವೆಷ್ಟು, ಮಳೆಗಾಲದಲ್ಲೆಷ್ಟು, ಬೇಸಗೆಯಲ್ಲೆಷ್ಟು ಎಂಬುದೇ ಮೊದಲ ಅಂಕಣದಲ್ಲಿ ನಿಲ್ಲಬೇಕು. ಆ ಲೆಕ್ಕವಿಲ್ಲದ ವರದಿಯು ಈ ಮೂರು ತಾಲ್ಲೂಕುಗಳ ತಾಯಂದಿರಿಗೆ ಉತ್ತರವಾಗಲಾರದು.