ಭೂಪಟದ ಮೌನ: ಕುಮಾರಪಟ್ಟಣದ ಸೀಮೆಯನ್ನು ಕುರಿತು ಒಂದು ವಿಮರ್ಶೆ

ಹಳೆಯ ಭೂಪಟಗಳನ್ನು ಗ್ರಾಮಚರಿತ್ರೆಗೆ ಆಧಾರವಾಗಿ ಬಳಸುವುದು ಯುಕ್ತವೇ ಸರಿ. ಆದರೆ ಪಟದಲ್ಲಿ ತೋರುವುದನ್ನು ಒಪ್ಪುವಷ್ಟು ಸುಲಭವಾಗಿ, ಅದರಲ್ಲಿ ತೋರದುದನ್ನು ಇಲ್ಲವೆಂದು ನಿರ್ಣಯಿಸತಕ್ಕದ್ದಲ್ಲ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದರೂ ಅದಕ್ಕೆ ಯೋಗ್ಯತೆಯೆಂಬ ನಿಯಮವನ್ನು ವಿಧಿಸಿರುವರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧಿಸುವುದು. ಬೆಳಕಿನಲ್ಲಿ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು.

ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣವನ್ನು ಉದಾಹರಣೆಯಾಗಿ ಗ್ರಹಿಸಬಹುದು. ಊರು ತುಂಗಭದ್ರೆಯ ಎಡದಂಡೆಯ ಮೇಲಿದೆ. ಎದುರು ದಂಡೆಯಲ್ಲಿ ಹರಿಹರ. 1956ಕ್ಕೆ ಹಿಂದಿನ ಪಟಗಳಲ್ಲಿ ಈ ಹೊಳೆಯೇ ಮುಂಬಯಿ-ಮೈಸೂರುಗಳ ಎಲ್ಲೆ. ದಂಡೆಯ ಮೇಲಣ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು 1972ರಲ್ಲಿ ಪ್ರಾರಂಭವಾಯಿತು. ಅದಕ್ಕಿಂತ ಹಳೆಯ ಪಟದಲ್ಲಿ ಅದು ಇಲ್ಲದಿರುವುದು ನಿಜವಾದ ಅಭಾವವು. ಅಷ್ಟು ದೊಡ್ಡ ಕಟ್ಟಡವಿದ್ದಿದ್ದರೆ ಅಳೆದವನ ಕಣ್ಣಿಗೆ ತಪ್ಪುತ್ತಿರಲಿಲ್ಲ.

ಕಾಲುದಾರಿ, ಸಣ್ಣ ಕಟ್ಟೆ, ದನಗಳ ಮೇವಿನ ತಾಣಗಳ ವಿಷಯದಲ್ಲಿಯಾದರೋ ಈ ನ್ಯಾಯವು ನಡೆಯದು. ಮೈಲಿಗೊಂದು ಅಂಗುಲದ ಪಟದಲ್ಲಿ ಅಂಗುಲದ ಐವತ್ತನೆಯ ಒಂದು ಪಾಲಿನ ದಪ್ಪವುಳ್ಳ ಗೆರೆಯು ನೆಲದ ಮೇಲೆ 105 ಅಡಿಗೂ ಮಿಕ್ಕ ಅಗಲವನ್ನು ಆಕ್ರಮಿಸುವುದು. ಇಂಥ ಅಳತೆಯಲ್ಲಿ ಕಿರಿದಾದುದು ಸಹಜವಾಗಿಯೇ ಬಿಟ್ಟುಹೋಗುವುದು. ಮೇಲಾಗಿ ಪಟವು ನೆಲದ ರೂಪವನ್ನು ಬರೆಯುವುದೇ ಹೊರತು, ಆ ನೆಲದಲ್ಲಿ ಯಾರಿಗೆ ಯಾವ ಬಳಕೆಯೆಂಬುದನ್ನು ಬರೆಯುವುದಿಲ್ಲ.

ಬರಿದೆಂದು ತೋರುವ ನೆಲವು ಬರಿದಲ್ಲವೆಂಬುದಕ್ಕೆ ಈ ಸೀಮೆಯಲ್ಲಿಯೇ ದೃಷ್ಟಾಂತವುಂಟು. 1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಮೇಲೆ ಹೇಳಿದ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದವು. ನೀಲಗಿರಿ ಮರಗಳನ್ನು ಬೆಳೆಸಲು ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಭೂಮಿಯು ಅದಕ್ಕೆ ಗೊತ್ತಾಯಿತು. ಆದರೆ ಹಳ್ಳಿಗರಿಗೆ ಮೇವೂ ಸೌದೆಯೂ ಆ ನೆಲದಿಂದಲೇ ಒದಗುತ್ತಿದ್ದವು. 1987ರ ನವೆಂಬರ್ 14ರಂದು ಹಾನಗಲ್ಲು ತಾಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವೆಂದು ಅದು ಪ್ರಸಿದ್ಧವಾಯಿತು. 1991ರಲ್ಲಿ ಆ ಸಂಸ್ಥೆಯು ಮುಚ್ಚಿಹೋಯಿತು.

ಆದಕಾರಣ ಭೂಪಟವನ್ನು ಒಂಟಿ ಸಾಕ್ಷಿಯಾಗಿ ಗ್ರಹಿಸಲಾಗದು. ಸರ್ವೇ ನಂಬರುಗಳುಳ್ಳ ಗ್ರಾಮನಕ್ಷೆಯನ್ನೂ, ಎಲ್ಲೆಯ ಕಲ್ಲು-ಮರ-ಕೆರೆಯೇರಿಗಳನ್ನು ಹೆಸರಿಸುವ ದಾನಶಾಸನಗಳನ್ನೂ, ಊರ ಹಿರಿಯರ ಮಾತನ್ನೂ ಅದರೊಡನೆ ಕೂಡಿಸಿ ವಿಚಾರಿಸತಕ್ಕದ್ದು. ಪಟವು ನುಡಿದುದು ಪ್ರಮಾಣವಾಗಬಹುದು. ಅದರ ಮೌನವು ಪ್ರಮಾಣವಾಗಬೇಕಾದರೆ ಯೋಗ್ಯತೆಯು ಮೊದಲು ಸಿದ್ಧವಾಗಬೇಕು.